ಕೆಂಚನ ಲೆಕ್ಕದ ಪುಸ್ತಕ

31 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದಾಗ, ಇನ್ನು ಲೆಕ್ಕದ ಪುಸ್ತಕವನ್ನು ಕೈಯಲ್ಲಿ ಮುಟ್ಟುವುದಿಲ್ಲವೆಂದು ಮನೆಯವರೆದುರು ಸಾರಿ ಹೇಳಿದ್ದೆ. ವರ್ಷ ತುಂಬುವ ಮೊದಲೇ 200 ಪುಟದ ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು, ಒಂದು ಕುದುರೆ ದಿನಕ್ಕೆ ಎಷ್ಟು ನೀರು ಕುಡಿಯಿತು, ಎಷ್ಟು ಸಲ ಲದ್ದಿ ಹಾಕಿತು ಎಂದು ಗೆರೆ ಎಳೆದು ಬರೆಯತೊಡಗಿದ್ದೆ. ಆ ಪುಸ್ತಕದಲ್ಲಿ ನಾನೇ ಬರೆದ ಅಂಕಿಗಳನ್ನು ನಾನೇ ಓದದೆ ಹೋದದ್ದರಿಂದ ಏನಾಯಿತು, ಅವೇ ಅಂಕಿಗಳು ಒಂದು ರಾತ್ರಿ ಹೇಗೆ ಕೆಲಸಕ್ಕೆ ಬಂದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕುದುರೆ ಬಂದದ್ದು ಮಗಳ ಆಸೆಯಿಂದ. ಬೆಂಗಳೂರಿನಲ್ಲಿ ಓದುವಾಗ ಸವಾರಿ ಕಲಿತಿದ್ದ ಅವಳು, ಮುಂಗಾಲಿನ ಸ್ನಾಯುರಜ್ಜು ಹರಿದು ಓಟ ಮುಗಿಸಿದ್ದ ಥರೋಬ್ರೆಡ್ ಎಂಬ ರೇಸ್ ತಳಿಯ 7 ವರ್ಷದ ಕುದುರೆಯೊಂದನ್ನು, ಯಾರೂ ಒಯ್ಯದಿದ್ದರೆ ಅದರ ಗತಿ ಏನೆಂದು ಮರುಗಿ, ಶ್ರೀರಂಗಪಟ್ಟಣದ ಹತ್ತಿರದ ನಮ್ಮ 3 ಎಕರೆ ತೋಟಕ್ಕೆ ಕರೆತಂದಳು. ಮನುಷ್ಯರಿಗೂ ಅಂಟಬಲ್ಲ ಗ್ಲ್ಯಾಂಡರ್ಸ್ ರೋಗ ಅದಕ್ಕಿಲ್ಲವೆಂಬ ರಕ್ತಪರೀಕ್ಷೆಯ ವರದಿ ಕೈಗೆ ಸಿಕ್ಕ ಮೇಲೆಯೇ ಲಾರಿ ಹತ್ತಿಸಿದ್ದಳು. ಅಷ್ಟು ಜಾಗ್ರತೆ ಅವಳಿಗಿತ್ತು. ಆರು ತಿಂಗಳಿಗೆ ಅವಳು ಹೆಚ್ಚಿನ ಓದಿಗೆಂದು ವಿದೇಶಕ್ಕೆ ಹೊರಟಳು, ಕುದುರೆ ನನ್ನ ಪಾಲಿಗೆ ಉಳಿಯಿತು. ರೇಸಿನ ಪಟ್ಟಿಯಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮೈಬಣ್ಣ ನೋಡಿ ನಾವು ಕೆಂಚ ಎಂದು ಕರೆದೆವು.

ಹಸು ಕಟ್ಟಿದ ಮನೆಯಲ್ಲಿ ಬೆಳೆದವಳಾದ್ದರಿಂದ ನನಗೆ ದನಕರುಗಳ ಅಭ್ಯಾಸವಿತ್ತು, ಆದರೆ ಅದೇ ಮೊದಲ ಅಡ್ಡಿಯಾಯಿತು. ಹಸು ಮೂಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದರೆ ಎಲ್ಲವೂ ಸರಿಯಿದೆಯೆಂದು ತಿಳಿದು ಬೆಳೆದ ಕಣ್ಣಿಗೆ, ಲಾಯದಲ್ಲಿ ಸುಮ್ಮನೆ ನಿಂತ ಕುದುರೆಯೂ ಸುಖವಾಗಿರುವಂತೆಯೇ ಕಾಣುತ್ತಿತ್ತು. ಕೆಂಚನಂತೂ ಬಂದ ಹೊಸದರಲ್ಲಿ ಸುಮ್ಮನೆ ನಿಲ್ಲುತ್ತಲೇ ಇರಲಿಲ್ಲ. ಬಾಗಿಲ ಮುಂದೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿದ್ದ. ಮರದ ಅಡ್ಡಪಟ್ಟಿಗೆ ಮೇಲಿನ ಹಲ್ಲು ಊರಿ, ಕತ್ತು ಬಿಗಿದು, ಕೊರಳಿನಿಂದ ವಿಚಿತ್ರ ಸದ್ದು ಹೊರಡಿಸುತ್ತ ಗಾಳಿ ಎಳೆಯುತ್ತಿದ್ದ. ದುಷ್ಟ ಚಟವೆಂದು ತಿಳಿದು ಪಟ್ಟಿಗೆ ಬೇವಿನೆಣ್ಣೆ ಬಳಿದೆ. ಕೆಂಚ ಪಕ್ಕದ ಕಂಬಕ್ಕೆ ಹಲ್ಲು ಊರಿದ.

ಅದನ್ನು ಬಿಡಿಸಿ ಹೇಳಿದವರು ಮೈಸೂರಿನಲ್ಲಿ 40 ವರ್ಷ ಟಾಂಗಾ ಹೊಡೆದು, ಈಗ ಲಾಳ ಕಟ್ಟುವ ಕೆಲಸವನ್ನಷ್ಟೇ ಮಾಡುತ್ತಿರುವ ಹಿರಿಯರೊಬ್ಬರು. ನಾವೆಲ್ಲ ಅವರನ್ನು ಸಾಬರೆಂದೇ ಕರೆಯುತ್ತೇವೆ. ಆರು ವಾರಕ್ಕೊಮ್ಮೆ ಬಂದು ಗೊರಸು ಕೊರೆದು ಹೋಗುತ್ತಿದ್ದ ಅವರು ನನ್ನ ಬೇವಿನೆಣ್ಣೆಯನ್ನು ಮೂಸಿ ನೋಡಿ ನಕ್ಕರು. "ಅಮ್ಮಾ, ದಿನಕ್ಕೆ ಇಪ್ಪತ್ತೆರಡು ಗಂಟೆ ನಾಲ್ಕು ಗೋಡೆ ಮಧ್ಯ ಇಟ್ಟು, ಹುಲ್ಲು ಕಮ್ಮಿ ಮಾಡಿ ಕಾಳು ಜಾಸ್ತಿ ಹಾಕಿ ಸಾಕಿರ್ತಾರೆ. ಬಾಯಿಗೆ ಕೆಲ್ಸ ಬೇಕಲ್ಲ? ಕಟ್ಗೆ ಕಚ್ತದೆ. ಇದು ಕೆಟ್ಟ ಬುದ್ಧಿ ಅಲ್ಲ, ಬೇಜಾರು." ಹುಲ್ಲುಗಾವಲಿನಲ್ಲಿ ಬಿಟ್ಟ ಕುದುರೆ ಹಗಲಿರುಳಿನ ಬಹುಪಾಲು ಸಮಯವನ್ನು ಮೇಯುವುದರಲ್ಲೇ ಕಳೆಯುತ್ತದೆ, ಅದರ ಹೊಟ್ಟೆ ತಿನ್ನಲಿ ಬಿಡಲಿ ಆಮ್ಲ ಸುರಿಸುತ್ತಲೇ ಇರುತ್ತದೆ. ಅದಕ್ಕೆ ಬೇಕಾದದ್ದು ನಿಧಾನಕ್ಕೆ ಅಗಿಯುವ ನಾರಿನ ಮೇವು, ತಿರುಗಾಡಲು ಜಾಗ, ಕಣ್ಣಳತೆಯಲ್ಲಿ ಇನ್ನೊಂದು ಜೀವ. ಅರ್ಧ ಎಕರೆಗೆ ಬೇಲಿ ಹಾಕಿಸಿದೆವು, ಜೊತೆಗೆ ಒಂದು ಆಡು ಬಂತು. ತೂಗುವುದು ಎರಡು ತಿಂಗಳಲ್ಲಿ ನಿಂತಿತು. ಗಾಳಿ ಎಳೆಯುವುದು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಬೇರೂರಿದ ಮೇಲೆ ಅದು ಹೋಗುವುದು ಅಪರೂಪವಂತೆ.

ಕುದುರೆಯ ಹತ್ತಿರ ಹೋಗುವುದನ್ನೂ ಸಾಬರೇ ಕಲಿಸಿದರು. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಸುತ್ತಲಿನ ಬಹುತೇಕ ಎಲ್ಲವೂ ಕಾಣುತ್ತದೆ, ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ. ಪ್ರೀತಿಯಿಂದ ಹಣೆ ಸವರಲು ನೇರವಾಗಿ ಕೈ ನೀಡುತ್ತಿದ್ದ ನಾನು, ಅದರ ಪಾಲಿಗೆ ಕಾಣದ ಕಡೆಯಿಂದ ಧುತ್ತೆಂದು ಬರುವ ವಸ್ತುವಾಗಿದ್ದೆ. ಎಡಭುಜದ ಕಡೆಯಿಂದ ಮಾತಾಡುತ್ತ ಹೋಗಿ, ಕತ್ತು ಬೆನ್ನಿಗೆ ಸೇರುವ ಉಬ್ಬಿನ ಮೇಲೆ ಉಗುರಿನಿಂದ ತುರಿಸಬೇಕೆಂದು ಅವರು ತೋರಿಸಿಕೊಟ್ಟರು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲಿಯೇ, ಅಲ್ಲಿ ತುರಿಸಿದಾಗ ಎದೆಬಡಿತ ನಿಧಾನವಾಗುತ್ತದೆ. ಕೆಂಚನ ಮೇಲ್ದುಟಿ ಮುಂದಕ್ಕೆ ಚಾಚಿ ಅಲುಗಾಡತೊಡಗಿದ ದಿನ ನಾನು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ನಾವು ಕುದುರೆಯನ್ನು ನೋಡುವುದಕ್ಕಿಂತ ಸೂಕ್ಷ್ಮವಾಗಿ ಕುದುರೆ ನಮ್ಮನ್ನು ನೋಡುತ್ತಿರುತ್ತದೆ ಎಂಬುದು ತಿಳಿಯಲು ಇನ್ನೂ ಸಮಯ ಹಿಡಿಯಿತು. 1904ರ ಸುಮಾರಿಗೆ ಬರ್ಲಿನ್ನಿನಲ್ಲಿ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತದೆಂದು ಜನ ಮುಗಿಬಿದ್ದಿದ್ದರು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುವುದಿಲ್ಲವೆಂದೂ, ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆಯಲ್ಲಾಗುವ ಕೂದಲೆಳೆಯಷ್ಟು ಅಲುಗಾಟವನ್ನು ನೋಡಿ ಅದು ನಿಲ್ಲಿಸುತ್ತದೆಂದೂ 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ತೋರಿಸಿಕೊಟ್ಟ. ಲೆಕ್ಕ ಬಾರದಿದ್ದರೇನು, ಮನುಷ್ಯರ ಮೈಯನ್ನು ಓದುವ ಆ ವಿದ್ಯೆ ಲೆಕ್ಕಕ್ಕಿಂತ ದೊಡ್ಡದೆಂದು ನನಗನ್ನಿಸುತ್ತದೆ. ಹುಲ್ಲಿನ ಮೆದೆಗೆ ಹೊದಿಸಿದ ನೀಲಿ ಟಾರ್ಪಾಲು ಗಾಳಿಗೆ ಪಟಪಟ ಎಂದಾಗ ಕೆಂಚ ಬೆದರುತ್ತಾನೆಂದು ನಾನು ಮೊದಲೇ ಹೆದರಿ ಹಗ್ಗ ಬಿಗಿಹಿಡಿಯುತ್ತಿದ್ದೆ. ಕೆಂಚ ಹೆದರುತ್ತಿದ್ದುದು ಟಾರ್ಪಾಲಿಗಿಂತ ಹೆಚ್ಚಾಗಿ ಆ ಬಿಗಿದ ಹಗ್ಗಕ್ಕೆ.

ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಆನೆಗಳಿಗೂ ಅಶ್ವದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದಿನ ತಾಲೀಮು ಕೊಡುವುದನ್ನು ನಾನು ಚಿಕ್ಕಂದಿನಿಂದ ಕೇಳಿ ಬಲ್ಲೆ. ನಮ್ಮ ತಾಲೀಮಿಗೆ ಫಿರಂಗಿ ಬೇಕಿರಲಿಲ್ಲ. ಟಾರ್ಪಾಲಿನ ತುಂಡೊಂದನ್ನು ದೂರದ ಬೇಲಿಗೆ ಕಟ್ಟಿ, ಕೆಂಚ ಅದನ್ನು ನೋಡಿಯೂ ಹುಲ್ಲು ಮೇಯಬಲ್ಲಷ್ಟು ಅಂತರದಲ್ಲಿ ನಿಲ್ಲಿಸಿ, ದಿನಕ್ಕೆ ನಾಲ್ಕು ಹೆಜ್ಜೆಯಂತೆ ಹತ್ತಿರ ತಂದೆವು. ಕಿವಿ ಅದರತ್ತ ನೆಟ್ಟು ಮೂಗಿನ ಹೊಳ್ಳೆ ಅರಳಿದರೆ ಒಂದು ಹೆಜ್ಜೆ ಹಿಂದಕ್ಕೆ, ತಲೆ ತಗ್ಗಿಸಿ ಬಾಯಿ ಸಡಿಲಿಸಿದರೆ ಅಲ್ಲಿಯೇ ಬಿಡುವು. 19 ದಿನ ಹಿಡಿಯಿತು.

ಪುಸ್ತಕ ಆರಂಭವಾದದ್ದು ಈ ತಾಲೀಮಿನ ದಿನಗಳಲ್ಲಿಯೇ. ಮೊದಲ ಪುಟದಲ್ಲಿ ಕೆಂಚನ ತೂಕವಿದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ 182 ಸೆಂಟಿಮೀಟರ್, ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ 162. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಸುಮಾರು 452 ಕಿಲೋ. ಜಂತುಹುಳುವಿನ ಔಷಧಿಯ ಪ್ರಮಾಣವೂ ಮೇವಿನ ಪ್ರಮಾಣವೂ ಈ ಅಂಕಿಯ ಮೇಲೆಯೇ ನಿಂತಿದೆ. ಒಣಮೇವು ತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು, ಅಂದರೆ ದಿನಕ್ಕೆ 7ರಿಂದ 9 ಕಿಲೋ ಬೇಕು. ನೆನೆಸಿ ಬೇಯಿಸಿದ ಹುರುಳಿ ಒಂದಿಷ್ಟು, ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ಒಂದು ಹಿಡಿ, ನೆಕ್ಕಲು ಉಪ್ಪಿನ ಗಟ್ಟಿ. ಮೇವನ್ನು ಬದಲಿಸುವುದಾದರೆ ಹತ್ತು ಹದಿನೈದು ದಿನ ಹಳೆಯದರ ಜೊತೆ ಬೆರೆಸುತ್ತ ಬದಲಿಸಬೇಕು, ಏಕೆಂದರೆ ದೊಡ್ಡ ಕರುಳಿನಲ್ಲಿ ನಾರನ್ನು ಹುಳಿಯಿಸುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ದಿನ ಬೇಕು.

ಉಳಿದ ಕಲಂಗಳು ನಾಡಿ, ಉಸಿರು, ಮೈಬಿಸಿ, ನೀರು, ಲದ್ದಿ, ಕೊನೆಯಲ್ಲಿ ಷರಾ. ದವಡೆಯ ಕೆಳ ಅಂಚಿನ ಒಳಬದಿಯಲ್ಲಿ ಪೆನ್ಸಿಲ್ಲಿನಂತೆ ಬೆರಳಿಗೆ ಸಿಗುವ ರಕ್ತನಾಳವನ್ನು ಮೆಲ್ಲಗೆ ಒತ್ತಿ, 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಬೇಕು. ವಿಶ್ರಾಂತಿಯಲ್ಲಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.5ರಿಂದ 38.5 ಡಿಗ್ರಿ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಕೆಂಚನಿಗೆ ಎಷ್ಟು ಎಂಬುದನ್ನು ಯಾವ ಪುಸ್ತಕವೂ ಹೇಳಲಾರದು. ಮೂರು ತಿಂಗಳು ಬರೆದ ಮೇಲೆ ಅವನ ನಾಡಿ 32ರಿಂದ 36, ಲದ್ದಿ ದಿನಕ್ಕೆ 8ರಿಂದ 10 ಸಲ, ತಂಪು ಕಾಲದಲ್ಲಿ ನೀರು 30 ಲೀಟರಿನ ಆಸುಪಾಸು ಎಂದು ಖಚಿತವಾಯಿತು. ನಿಂತೇ ತೂಕಡಿಸುತ್ತಾನೆ, ಆದರೆ ಗಾಢನಿದ್ರೆಗೆ ಬೆಳಗಿನ ಜಾವ 3 ಗಂಟೆಯ ಸುಮಾರಿಗೆ ಅರ್ಧ ಗಂಟೆ ಮಲಗುತ್ತಾನೆ ಎಂಬುದೂ ಷರಾದಲ್ಲಿ ಬಂತು. ಮನೆಯವರು ನಗುತ್ತಿದ್ದರು.

ಡಿಸೆಂಬರಿನ ಕೊನೆಯಲ್ಲಿ ನಾವು ತರಿಸುತ್ತಿದ್ದ ಒಣಹುಲ್ಲು ಮುಗಿಯಿತು. ಮುಂದಿನ ಗಾಡಿ ಬರಲು ವಾರವಾಗುತ್ತದೆಂದು ತಿಳಿದಾಗ, ಮೆದೆಯಲ್ಲಿದ್ದ ಭತ್ತದ ಹುಲ್ಲನ್ನು ಒಂದೇ ಸಲಕ್ಕೆ ಹಾಕಿಬಿಟ್ಟೆ. ಬೆರೆಸುತ್ತ ಬದಲಿಸಬೇಕೆಂದು ನನ್ನದೇ ಕೈಬರಹದಲ್ಲಿ ಬರೆದುಕೊಂಡಿದ್ದವಳು ನಾನು. ಆ ವಾರ ಚಳಿ ಹೆಚ್ಚಾಗಿ ತೊಟ್ಟಿಯ ನೀರು ಬೆಳಿಗ್ಗೆ ಕೈ ಕೊರೆಯುತ್ತಿತ್ತು. ನಾಲ್ಕು ದಿನದ ನೀರಿನ ಕಲಂ ಈಗಲೂ ಪುಸ್ತಕದಲ್ಲಿದೆ: 31, 24, 19, 17. ಲದ್ದಿ: 9, 7, 6, 4. ಷರಾದಲ್ಲಿ ಒಂದು ವಾಕ್ಯ: "ಗೋದಲಿಯ ಕೆಳಗೆ ಅರ್ಧ ಅಗಿದ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿವೆ." ಬರೆದೆನೇ ಹೊರತು ಅದರ ಅರ್ಥವೇನೆಂದು ಯೋಚಿಸಲಿಲ್ಲ. ಬ್ಯಾಂಕಿನಲ್ಲಿ ಇಂಥ ಕಲಂ ನೋಡಿದ್ದರೆ ಸಂಜೆಯೊಳಗೆ ಮ್ಯಾನೇಜರ ಮೇಜಿಗೆ ಒಯ್ದಿರುತ್ತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಕೆಂಚ ಲಾಯದ ಮೂಲೆಗೆ ಮುಖ ಮಾಡಿ ನಿಂತಿದ್ದ. ಕಿವಿಗಳು ಎರಡು ಕಡೆಗೆ ಜೋತು ಗಟ್ಟಿಯಾಗಿದ್ದವು, ಕಣ್ಣಿನ ಮೇಲೆ ಹುಬ್ಬಿನ ಜಾಗದಲ್ಲಿ ಮೂಲೆಯಾದಂಥ ಒಂದು ಮಡಿಕೆ ಎದ್ದಿತ್ತು, ಹೊಳ್ಳೆ ಬಿಗಿದು ಗಲ್ಲ ಗಂಟಾಗಿತ್ತು. ಚಳಿಗೆ ಮಂಕಾಗಿದ್ದಾನೆಂದುಕೊಂಡೆ. ಬೇಟೆಗೆ ಬಲಿಯಾಗುವ ಪ್ರಾಣಿ ನೋವನ್ನು ಹೊರಗೆ ತೋರಿಸುವುದಿಲ್ಲ. ತೋರಿಸಿದರೆ ಬೇಟೆಯಾಡುವ ಪ್ರಾಣಿಗಳು ಗುಂಪಿನಲ್ಲಿ ಅದನ್ನೇ ಮೊದಲು ಹಿಡಿಯುತ್ತವೆ. ಮುಖದ ಮೇಲಿನ ಈ ಸಣ್ಣ ಬಿಗಿತಗಳೇ ಅದರ ನರಳಾಟವೆಂದು ಆಮೇಲೆ ಡಾಕ್ಟರು ನನ್ನ ಮೊಬೈಲಿನ ಚಿತ್ರದಲ್ಲೇ ಬೆರಳಿಟ್ಟು ತೋರಿಸಿದರು.

ರಾತ್ರಿ 9.40ಕ್ಕೆ ಆಡು ಅರಚಿಕೊಂಡಿತು. ಹೋಗಿ ನೋಡಿದರೆ ಕೆಂಚ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುಗಿ ತಿರುಗಿ ತನ್ನ ಎಡಪಕ್ಕೆಯನ್ನೇ ನೋಡಿಕೊಳ್ಳುತ್ತಿದ್ದ. ಒಮ್ಮೆ ಮಂಡಿಯೂರಿ ಮಲಗಿದ, ಎದ್ದ, ಮತ್ತೆ ಮಲಗಿ ಹೊರಳಲು ನೋಡಿದ. ಹೊಟ್ಟೆಶೂಲೆ. ರೇಸಿನ ಮಂದಿ ಕಾಲಿಕ್ ಎಂದು ಕರೆದು ಹೆದರುವುದು ಇದಕ್ಕೇ. ನಾಡಿ ಹಿಡಿದೆ: 52. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಎರಡು ಸೆಕೆಂಡಿನೊಳಗೆ ಮರಳಬೇಕಾದ ಕೆಂಪು ಮೂರು ಸೆಕೆಂಡು ತೆಗೆದುಕೊಂಡಿತು, ಒಸಡು ಬೆರಳಿಗೆ ಅಂಟುವಷ್ಟು ಒಣಗಿತ್ತು. ಮೈಬಿಸಿ 37.8. ಪಕ್ಕೆಗೆ ಕಿವಿಯಿಟ್ಟರೆ ದಿನವೂ ಗುಡುಗುಡು ಎನ್ನುತ್ತಿದ್ದ ಎಡಹೊಟ್ಟೆ ಮೌನವಾಗಿತ್ತು.

ಮೈಸೂರಿನ ಕುದುರೆ ಡಾಕ್ಟರಿಗೆ ಫೋನ್ ಮಾಡಿ ಈ ಅಂಕಿಗಳನ್ನು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅವನ ದಿನದ ನಾಡಿ ಎಷ್ಟಮ್ಮ?" ಎಂಬುದು. 34 ಎಂದೆ. "ಹೊರಟೆ, ಮೇವು ತೆಗೆದುಬಿಡಿ, ಬಾಯಿಗೆ ಏನೂ ಹಾಕಬೇಡಿ, ಹೊರಳದಂತೆ ನಿಧಾನವಾಗಿ ನಡೆಸುತ್ತಿರಿ" ಎಂದರು. ಹಾಗೆಂದು ಸುಸ್ತಾಗುವಂತೆ ನಡೆಸಬಾರದು, ಸುಮ್ಮನೆ ಮಲಗಿದರೆ ಮಲಗಲು ಬಿಡಬೇಕೆಂದೂ ಹೇಳಿದರು.

ಅಷ್ಟರಲ್ಲಿ ಸದ್ದು ಕೇಳಿ ಪಕ್ಕದ ತೋಟದ ಯಜಮಾನರು ಒಂದು ಕೈಯಲ್ಲಿ ಹರಳೆಣ್ಣೆಯ ಬಾಟಲಿ, ಇನ್ನೊಂದರಲ್ಲಿ ಬಿದಿರಿನ ಗೊಟ್ಟ ಹಿಡಿದು ಬಂದರು. "ಕತ್ತೆತ್ತಿ ಹಿಡ್ಕಳಕ್ಕ, ಒಂದ್ ಗೊಟ್ಟ ಎತ್ತುದ್ರೆ ಬೆಳಿಗ್ಗೆಗೆಲ್ಲ ಸರ್ಯಾಯ್ತದೆ, ನಮ್ ಎತ್ತಿಗೆ ಎಷ್ಟ್ ಸಲ ಮಾಡಿಲ್ಲ?" ಎಂದರು. ಅವರ ಕಳಕಳಿಯಲ್ಲಿ ಕೊರತೆಯಿರಲಿಲ್ಲ, ನಡುರಾತ್ರಿ ಓಡಿಬಂದವರಿಗೆ ಬೇಡವೆನ್ನುವುದು ನನಗೆ ಕಷ್ಟವೇ ಆಯಿತು. ಆದರೆ ಕತ್ತೆತ್ತಿ ಸುರಿದ ಎಣ್ಣೆ ದಾರಿ ತಪ್ಪಿ ಶ್ವಾಸಕೋಶ ಸೇರಿದರೆ ಹೊಟ್ಟೆನೋವಿಗೆ ಬದುಕಿದ ಕುದುರೆ ನ್ಯುಮೋನಿಯಾಕ್ಕೆ ಸಾಯುತ್ತದೆ. ಎತ್ತಿನ ಹೊಟ್ಟೆ ಬೇರೆ, ಕುದುರೆಯ ಹೊಟ್ಟೆ ಬೇರೆ. ಕುದುರೆಯ ಜಠರ ಅದರ ಗಾತ್ರಕ್ಕೆ ಹೋಲಿಸಿದರೆ ತೀರ ಚಿಕ್ಕದು, ಜಠರದ ಬಾಯಿಯ ಸ್ನಾಯು ಎಷ್ಟು ಬಿಗಿಯೆಂದರೆ ಒಳಗೆ ಹೋದದ್ದು ಮತ್ತೆ ಬಾಯಿಗೆ ಬರಲಾರದು. ಕುದುರೆಗೆ ವಾಂತಿಯೇ ಇಲ್ಲ. ಯಜಮಾನರು ಗೊಟ್ಟವನ್ನು ಗೋಡೆಗೆ ಒರಗಿಸಿ, ಮಾತಾಡದೆ ಹಗ್ಗದ ಇನ್ನೊಂದು ಕೊನೆ ಹಿಡಿದು ನನ್ನೊಂದಿಗೆ ಎರಡು ಗಂಟೆ ನಡೆದರು.

ಡಾಕ್ಟರು ಬಂದಾಗ 11.50. ನೋವಿನ ಇಂಜೆಕ್ಷನ್ ಕೊಟ್ಟು, ಮೂಗಿನ ಹೊಳ್ಳೆಯ ಮೂಲಕ ಉದ್ದನೆಯ ಕೊಳವೆಯನ್ನು, ಕೆಂಚ ನುಂಗುವ ಗಳಿಗೆಯನ್ನೇ ಕಾದು, ಅನ್ನನಾಳಕ್ಕೆ ಇಳಿಸಿದರು. ಕೊಳವೆಯಿಂದ ಹಿಂದಕ್ಕೆ ದ್ರವ ಬರಲಿಲ್ಲ. ಸಣ್ಣಕರುಳು ಕಟ್ಟಿಕೊಂಡಿಲ್ಲವೆನ್ನಲು ಅದೊಂದು ಒಳ್ಳೆಯ ಲಕ್ಷಣವೆಂದರು. ಆಮೇಲೆ ಭುಜದವರೆಗೆ ಕೈಗವಸು ಹಾಕಿ ಗುದದ್ವಾರದಿಂದ ಪರೀಕ್ಷಿಸಿ, "ಇಲ್ಲಿದೆ, ಕಲೆಸಿದ ಹಿಟ್ಟಿನ ಹಾಗೆ" ಎಂದರು. ಕುದುರೆಯ ದೊಡ್ಡ ಕರುಳು ಎಡಗಡೆ ಸೊಂಟದ ಹತ್ತಿರ ಹಿಂದಕ್ಕೆ ತಿರುಗುವ ಕಡೆ ಕಿರಿದಾಗುತ್ತದೆ. ನೀರಿಲ್ಲದೆ, ಸರಿಯಾಗಿ ಅಗಿಯದೆ ಬಂದ ಒರಟು ಹುಲ್ಲು ಬಂದು ಕಚ್ಚಿಕೊಳ್ಳುವುದು ಆ ತಿರುವಿನಲ್ಲಿಯೇ. ಕೊಳವೆಯ ಮೂಲಕ 4 ಲೀಟರ್ ಲಿಕ್ವಿಡ್ ಪ್ಯಾರಾಫಿನ್, ಅದರ ಹಿಂದೆ ಲವಣ ಬೆರೆಸಿದ 6 ಲೀಟರ್ ಬೆಚ್ಚನೆಯ ನೀರು ಹೋಯಿತು. ತಿರುಚಿಕೊಂಡಿದ್ದರೆ ಆಪರೇಷನ್ ಒಂದೇ ದಾರಿ, ಇದು ಹಾಗಿಲ್ಲ, ಆದರೆ ಕಾಯಬೇಕು ಎಂದರು.

ಇಂಜೆಕ್ಷನ್ನಿಗೆ ಅರ್ಧ ಗಂಟೆಯಲ್ಲಿ ಕೆಂಚ ಶಾಂತನಾದ. ಗೆದ್ದೆವೆಂದು ನಾನು ಕುರ್ಚಿಯಲ್ಲಿ ಕುಸಿದೆ. "ಔಷಧಿ ನೋವನ್ನು ಮುಚ್ಚುತ್ತದೆ, ಕರುಳನ್ನು ಬಿಡಿಸುವುದಿಲ್ಲ. ಇಂಜೆಕ್ಷನ್ ಇದ್ದೂ ನಾಡಿ ಏರಿದರೆ ನನಗೆ ಹೇಳಿ, ನನ್ನನ್ನು ಕೇಳದೆ ಎರಡನೆಯದು ಕೊಡಬೇಡಿ" ಎಂದು ಹೇಳಿ ಅವರು ಹೊರಟರು. ಹಾಗಾಗಿ ಆ ರಾತ್ರಿಯ ಪುಟ ಹೀಗಿದೆ: 1 ಗಂಟೆ 44, 2 ಗಂಟೆ 44, 3 ಗಂಟೆ 46, 4 ಗಂಟೆ 42, 5 ಗಂಟೆ 40. ಮೂರರ ಆ 46ನ್ನು ನಾಲ್ಕು ಸಲ ಎಣಿಸಿದ್ದೆ. ಬೆಳಿಗ್ಗೆ ಡಾಕ್ಟರು ಮತ್ತೆ ಬಂದು ಕೊಳವೆಯಲ್ಲಿ ನೀರು ಕೊಟ್ಟರು. ಸಂಜೆ 5.10ಕ್ಕೆ ಕೆಂಚ ಬಾಲ ಎತ್ತಿದ. ಎಣ್ಣೆ ಮೆತ್ತಿ ಮಿರುಗುತ್ತಿದ್ದ ಐದು ಉಂಡೆಗಳು ಬಿದ್ದವು. ಯಜಮಾನರು ಅವನ್ನು ನೋಡಲೆಂದೇ ಬೇಲಿ ಹಾರಿ ಬಂದರು. ಲದ್ದಿ ಕಂಡು ಇಬ್ಬರು ಹಿರಿಯರು ಅಷ್ಟು ಸಂತೋಷಪಟ್ಟದ್ದನ್ನು ದಾರಿಹೋಕರು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಗೋದಲಿಯ ಕೆಳಗಿನ ಒದ್ದೆ ಉಂಡೆಗಳ ಸಂಗತಿಯನ್ನು ಡಾಕ್ಟರಿಗೆ ಹೇಳಿದ್ದು ಮೂರನೆಯ ದಿನ, ಪುಸ್ತಕವನ್ನು ಅವರ ಮುಂದಿಟ್ಟಾಗ. ಅವರು ಕೆಂಚನ ನಾಲಿಗೆಯನ್ನು ಪಕ್ಕಕ್ಕೆ ಹಿಡಿದು ಟಾರ್ಚ್ ಹಾಕಿ ನೋಡಿ, ನನ್ನನ್ನೂ ಕರೆದು ತೋರಿಸಿದರು. ಕುದುರೆಯ ದವಡೆ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಹೊರಬರುತ್ತಲೇ ಇರುತ್ತದೆ, ಅಗಿತದಲ್ಲಿ ಸವೆಯುತ್ತಲೂ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲವಾದ್ದರಿಂದ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸವೆಯದೆ ಉಳಿದು ಕತ್ತಿಯ ಬಾಯಿಯಂತಾಗುತ್ತವೆ. ಕೆಂಚನ ಕೆನ್ನೆಯ ಒಳಭಾಗದಲ್ಲಿ ಹುಣ್ಣುಗಳಿದ್ದವು. ಅಗಿದರೆ ನೋವು, ಆದ್ದರಿಂದ ಅರ್ಧ ಅಗಿದು ಉಗುಳುತ್ತಿದ್ದ ಇಲ್ಲವೇ ಹಾಗೆಯೇ ನುಂಗುತ್ತಿದ್ದ. ಮೆತ್ತನೆಯ ಒಣಹುಲ್ಲಿನಲ್ಲಿ ಹೇಗೋ ನಡೆದಿತ್ತು, ಭತ್ತದ ಹುಲ್ಲು ಬಂದಾಗ ನಡೆಯಲಿಲ್ಲ. ತಪ್ಪು ಹುಲ್ಲಿನದೋ ಹಲ್ಲಿನದೋ ಚಳಿಯದೋ ಎಂದು ವಿಂಗಡಿಸಲು ಆಗದಂತೆ ಮೂರೂ ಒಂದೇ ವಾರದಲ್ಲಿ ಕೂಡಿಕೊಂಡಿದ್ದವು, ಕೂಡಿಸಿದವಳು ನಾನು.

ಹದಿನೈದು ದಿನ ಕಳೆದು, ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ಹಾಕಿ ತೆರೆದಿಟ್ಟು, ಉದ್ದ ಹಿಡಿಯ ಅರದಿಂದ ಆ ಅಂಚುಗಳನ್ನು ಉಜ್ಜಿದರು. ತಲೆಯನ್ನು ಹೆಗಲ ಮೇಲೆ ಹೊತ್ತು ನಿಂತವರು ಸಾಬರು. ಅರದ ಸದ್ದು ನನ್ನ ಹಲ್ಲುಗಳಲ್ಲೇ ಜುಮ್ಮೆಂದಿತು. ಕುದುರೆಗೆ ಆ ಅಂಚುಗಳಲ್ಲಿ ನೋವಿನ ನರವಿಲ್ಲವೆಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು. "ಟಾಂಗಾ ಕಾಲ್ದಲ್ಲಿ ಇದೆಲ್ಲ ಎಲ್ಲಿತ್ತು ಡಾಕ್ಟ್ರೇ? ಉಂಡೆ ಉಗುಳ್ತದೆ ಅಂದ್ರೆ ವಯಸ್ಸಾಯ್ತು ಅಂತಿದ್ವಿ" ಎಂದು ಸಾಬರು ಮೆಲ್ಲಗೆ ಹೇಳಿ, ಕೆಂಚನ ಕಿವಿಯ ಬುಡವನ್ನು ತಿಕ್ಕುತ್ತ ಬಹಳ ಹೊತ್ತು ಸುಮ್ಮನಿದ್ದರು. ಅವರು ಯಾವ ಕುದುರೆಯನ್ನು ನೆನೆಯುತ್ತಿದ್ದರೆಂದು ನಾನು ಕೇಳಲಿಲ್ಲ.

ಈಗ ಹಲ್ಲಿನ ಪರೀಕ್ಷೆ ವರ್ಷಕ್ಕೊಮ್ಮೆ, ಟೆಟನಸ್ ಚುಚ್ಚುಮದ್ದಿನ ದಿನವೇ ಆಗುತ್ತದೆ. ಒಣಹುಲ್ಲು ಹದಿನೈದು ದಿನಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನ ಗಾಡಿಗೆ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಬಚ್ಚಲಿನ ಹಂಡೆಯಿಂದ ಎರಡು ಬಕೆಟ್ ಬಿಸಿನೀರು ತೊಟ್ಟಿಗೆ ಹೋಗುತ್ತದೆ. ಉಗುರುಬೆಚ್ಚಗಿದ್ದರೆ ಕೆಂಚ ಒಂದೇ ಉಸಿರಿಗೆ ಹೀರುತ್ತಾನೆ, ಕಿವಿಗಳು ಒಂದೊಂದು ಗುಟುಕಿಗೂ ಹಿಂದುಮುಂದು ಆಡುತ್ತವೆ. ಪುಸ್ತಕಕ್ಕೆ ಹೊಸದೊಂದು ಕಲಂ ಸೇರಿದೆ. ಪ್ರತಿ ಸಂಜೆ ಹಿಂದಿನ ಮೂರು ದಿನದ ಸಾಲುಗಳ ಮೇಲೆ ಬೆರಳಾಡಿಸಿ ಓದಿ, ಬ್ಯಾಂಕಿನಲ್ಲಿ ಮಾಡುತ್ತಿದ್ದಂತೆ ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತೇನೆ. ನಿನ್ನೆಯ ಸಾಲು: ನಾಡಿ 34, ನೀರು 32, ಲದ್ದಿ 9, ಟಾರ್ಪಾಲು ಹಾರಿತು, ನೋಡಿದ, ಮೇಯ್ದ.